ಮಾಳಿಗೆಯ ನೀರು ಬಚ್ಚಲಿಗೆ ಬಂದ ದಾರಿ

ಜೋರು ಮಳೆ ಹಿಡಿದ ಹತ್ತು ಹದಿನೈದು ನಿಮಿಷಕ್ಕೆ ಕೆಳಮನೆಯ ಬಚ್ಚಲಿನ ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಇಳಿಯುವ ಬಾಯಿ, ಗೊಳಗೊಳ ಸದ್ದು ಮಾಡುತ್ತಿತ್ತು. ಅದರ ಹಿಂದೆಯೇ ಜಾಳಿಗೆಯ ತೂತುಗಳಿಂದ ಕರೀ ನೀರು ಉಕ್ಕಿ ನೆಲವೆಲ್ಲ ಹರಡುತ್ತಿತ್ತು. ಮಳೆ ನಿಂತ ಅರ್ಧ ತಾಸಿನೊಳಗೆ ಯಾರೂ ಏನೂ ಮಾಡದೆ ತಾನಾಗಿಯೇ ಇಳಿದು ಹೋಗುತ್ತಿತ್ತು. ಬಿಸಿಲು ಬಿದ್ದ ಮೇಲೆ ಪ್ಲಂಬರ್ ಬಂದು, ಚೇಂಬರ್ (ಗಟಾರದ ಪೈಪು ನೋಡಲು ಇಟ್ಟ ಮುಚ್ಚಳದ ಗುಂಡಿ) ತೆಗೆದು ಸಲಾಕೆ ಆಡಿಸಿ, 'ಲೈನ್ ಸಾಫ್ ಅದ' ಅಂತ ಹೇಳಿ ಕೂಲಿ ತೆಗೆದುಕೊಂಡು ಹೋಗುತ್ತಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಲೈನ್ ಸಾಫೇ ಇತ್ತು. ಕಟ್ಟಿಕೊಂಡ ಗಟಾರ ದಿನಾಲೂ ಕಟ್ಟಿಕೊಂಡೇ ಇರುತ್ತದೆ. ಮಳೆಯಲ್ಲಿ ಮಾತ್ರ ಉಕ್ಕುವ ಗಟಾರಕ್ಕೆ, ಬೀಳಬಾರದ ನೀರು ಎಲ್ಲಿಂದಲೋ ಬೀಳುತ್ತಿರುತ್ತದೆ.

ಮನೆ ಪುಣೆಯ ಸಹಕಾರನಗರದಲ್ಲಿದೆ. ವಿಜಯಪುರದ ಕಡೆಯಿಂದ ನೌಕರಿಗೆ ಬಂದ ಮಾವನವರು ಎಂಬತ್ತರ ದಶಕದಲ್ಲಿ ಕಟ್ಟಿಸಿದ ಸಣ್ಣ ಬಂಗಲೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ನಾನು ಭೋಸರಿಯ ಕಾರ್ಖಾನೆಯೊಂದರಲ್ಲಿ ಮೇಂಟೆನನ್ಸ್ ನೋಡಿಕೊಳ್ಳುವವಳು. ಪೈಪು, ವಾಲ್ವು, ಸೋರಿಕೆ ನನಗೆ ಹೊಸವಲ್ಲ. ಆದರೆ ಕಾರ್ಖಾನೆಯಲ್ಲಿ ಪ್ರತಿ ಪೈಪಿಗೂ ನಕ್ಷೆ ಇರುತ್ತದೆ. ಮನೆಯ ಕೆಳಗಿನ ಪೈಪಿಗೆ ಅತ್ತೆಯವರ ನೆನಪೇ ನಕ್ಷೆ.

ಹಾಗಾಗಿ ಮೊದಲು ಮಾಡಿದ್ದು ಒಂದು ಹಾಳೆಯ ಮೇಲೆ ಗೆರೆ ಎಳೆಯುವ ಕೆಲಸ. ಹಿತ್ತಲಲ್ಲಿ ಒಂದನೇ ಚೇಂಬರ್. ಎರಡೂ ಮಹಡಿಯ ಸಂಡಾಸಿನ ಪೈಪು ನೇರ ಅದಕ್ಕೆ ಬೀಳುತ್ತದೆ. ಬಚ್ಚಲು ಮತ್ತು ಅಡಿಗೆಮನೆಯ ನೀರು ಗಲ್ಲಿ ಟ್ರ್ಯಾಪಿಗೆ (ವಾಸನೆ ತಡೆಯಲು ನೀರು ನಿಲ್ಲುವ, ಅಂಗಳದ ಸಣ್ಣ ತೊಟ್ಟಿ) ಬಂದು, ಅಲ್ಲಿಂದ ಅದೇ ಚೇಂಬರಿಗೆ. ಮನೆಗೂ ಕಂಪೌಂಡಿಗೂ ನಡುವಿನ ಸಂದಿಯಲ್ಲಿ ಎರಡನೇ ಚೇಂಬರ್. ಗೇಟಿನ ಹತ್ತಿರ ಮೂರನೆಯದು, ಅದರಾಚೆ ಪಾಲಿಕೆಯ ಲೈನ್. ಒಟ್ಟು ಸುಮಾರು 20 ಮೀಟರ್. ಮಾಳಿಗೆಯ ಮಳೆನೀರಿಗೆ ಮೂರು ಪೈಪುಗಳು. ಎರಡು ಮುಂದಿನ ಅಂಗಳಕ್ಕೆ ಬಿಡುತ್ತವೆ. ಮೂರನೆಯದು ಹಿಂದಿನ ಗೋಡೆಗುಂಟ ಇಳಿದು ಬಟ್ಟೆ ಒಗೆಯುವ ಕಟ್ಟೆಯ ಪಕ್ಕ ನೆಲದಲ್ಲಿ ಮಾಯವಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ.

ಪುಣೆಯಲ್ಲಿ ಮೈಲಿಗೆ ನೀರಿನ ಲೈನ್ ಬೇರೆ, ಮಳೆನೀರಿನ ಚರಂಡಿ ಬೇರೆ. ಮಳೆನೀರು ನಾಲೆಗೆ, ನಾಲೆಯಿಂದ ಮುಠಾ ನದಿಗೆ. ಮೈಲಿಗೆ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಮಳೆನೀರು ಇದರೊಳಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ನಮ್ಮ ಮಾಳಿಗೆ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಒಂದು ತಾಸಿಗೆ 50 ಮಿಲಿಮೀಟರ್ ಮಳೆ ಸುರಿದರೆ ಅದರ ಮೇಲೆ ಬೀಳುವ ನೀರು 4650 ಲೀಟರ್. ಸರಕಾರಿ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಐದು ಜನಕ್ಕೆ 675. ಮಾಳಿಗೆಯ ನೀರಷ್ಟನ್ನೂ ಒಳಚರಂಡಿಗೆ ಬಿಟ್ಟರೆ, ಐದು ಜನರ ಸಂಸಾರ ಸುಮಾರು ಒಂದು ವಾರ ಬಳಸುವ ನೀರನ್ನು ಒಂದೇ ತಾಸಿನಲ್ಲಿ ಬಿಟ್ಟಂತಾಯಿತು. ಜಪಾನಿನ ಜೈಕಾ ಸಂಸ್ಥೆಯ ಸಾಲದಲ್ಲಿ ಪುಣೆಗೆ 11 ಹೊಸ ಶುದ್ಧೀಕರಣ ಘಟಕಗಳು ಮಂಜೂರಾಗಿವೆ. ಅವು ಎಷ್ಟು ದೊಡ್ಡವಾದರೂ ಪ್ರತಿ ಓಣಿಯ ಮಾಳಿಗೆಯ ನೀರನ್ನೂ ನುಂಗುವುದಕ್ಕಂತೂ ಕಟ್ಟುತ್ತಿಲ್ಲ.

ಒಳಗೆ ಸೇರುವ ನೀರಿನಲ್ಲಿ ಎರಡು ಜಾತಿ. ಒಂದು ಮಳೆಯ ಜೊತೆಗೇ ಬಂದು ಮಳೆಯ ಜೊತೆಗೇ ಹೋಗುವುದು: ಮಾಳಿಗೆಯ ಪೈಪು, ಅಂಗಳದ ನೀರು, ಚೇಂಬರಿನ ಮುಚ್ಚಳದ ಸಂದು. ಇನ್ನೊಂದು ನೆಲದೊಳಗಿಂದ ಜಿನುಗುವುದು. ಮಳೆ ನಿಂತು ವಾರವಾದರೂ ಅದು ನಿಲ್ಲುವುದಿಲ್ಲ. ನಮ್ಮ ಬಚ್ಚಲಿನ ಉಕ್ಕು ಮೊದಲಿನ ಜಾತಿಯದು ಎನ್ನುವುದು ಸ್ಪಷ್ಟವಿತ್ತು. ಎರಡನೆಯದೂ ಇದೆಯೇ ಎಂದು ನೋಡಲು ಆಗಸ್ಟ್ ತಿಂಗಳಲ್ಲಿ, ಮಳೆ ಇಲ್ಲದ ಒಂದು ರಾತ್ರಿ ಮೂರು ಗಂಟೆಗೆ ಎದ್ದು ಗೇಟಿನ ಚೇಂಬರ್ ತೆಗೆದೆ. ಮೇಲಿನವರು, ಕೆಳಗಿನವರು ಎಲ್ಲ ಮಲಗಿದ್ದರು, ಎಲ್ಲ ನಲ್ಲಿ ಬಂದ್. ಆದರೂ ಪೈಪಿನ ಬಾಯಿಂದ ಕಿರುಬೆರಳು ದಪ್ಪ ತಿಳಿನೀರು ಹರಿಯುತ್ತಲೇ ಇತ್ತು. ಕೋಲಿಗೆ ಕಟ್ಟಿದ ಡಬ್ಬಿ ಹಿಡಿದು ನೋಡಿದರೆ 40 ಸೆಕೆಂಡಿಗೆ ಒಂದು ಲೀಟರ್. ದಿನಕ್ಕೆ 2160 ಲೀಟರ್ ಆಯಿತು. ಸಿಪಿಎಚ್‌ಇಇಓ ಎಂಬ ಕೇಂದ್ರ ಸರಕಾರದ ಸಂಸ್ಥೆಯ ಕೈಪಿಡಿಯಲ್ಲಿ ಸಾರ್ವಜನಿಕ ಒಳಚರಂಡಿಗೆ ಅಂತರ್ಜಲ ಸೇರಿಕೆ ಕಿಲೋಮೀಟರಿಗೆ ದಿನಕ್ಕೆ 500ರಿಂದ 5000 ಲೀಟರ್ ಎಂದು ಹಿಡಿಯುತ್ತಾರೆ. ಮೇಲಿನ ಅಂಕಿಯನ್ನೇ ತೆಗೆದುಕೊಂಡರೂ ನಮ್ಮ 20 ಮೀಟರಿಗೆ 100 ಲೀಟರ್ ಬರಬೇಕು. ಬರುತ್ತಿದ್ದುದು ಅದರ ಇಪ್ಪತ್ತು ಪಟ್ಟು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚೇಂಬರಿನೊಳಗೆ ತಲೆ ಹಾಕಬಾರದು, ಯಾರನ್ನೂ ಇಳಿಸಬಾರದು. ಮುಚ್ಚಳ ತೆಗೆದು ದೂರ ನಿಂತು ಗಾಳಿಯಾಡಲು ಬಿಟ್ಟು, ಮೇಲಿನಿಂದಲೇ ಕೋಲು ಟಾರ್ಚು ಹಿಡಿದು ಕೆಲಸ ಮಾಡಬೇಕು. ಗಟಾರಕ್ಕೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಇರಲಿ ಬಿಡಲಿ, ಆ ವಾಯು ಎರಡು ಉಸಿರಿಗೆ ಮನುಷ್ಯನನ್ನು ಕೆಡವುತ್ತದೆ. ಹೊಗೆ ಬಿಟ್ಟು ಪರೀಕ್ಷೆ ಮಾಡೋಣ, ಹಸಿ ಗೋಣಿಚೀಲ ಸುಟ್ಟರಾಯಿತು ಎಂದು ಒಬ್ಬರು ಸಲಹೆ ಕೊಟ್ಟರು. ಹೊಗೆ ಪರೀಕ್ಷೆ ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಯಂತ್ರವಿದೆ. ಮಿಥೇನ್ ತುಂಬಿರಬಹುದಾದ ಪೈಪಿನ ಬಾಯಲ್ಲಿ ಬೆಂಕಿ ಹಚ್ಚುವ ಕೆಲಸ ನನ್ನ ಕೈಯಿಂದ ಆಗುವುದಿಲ್ಲ ಎಂದೆ.

ಅಷ್ಟರಲ್ಲಿ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಔಷಧ: ನಾನ್‌ರಿಟರ್ನ್ ವಾಲ್ವ್. ಪಕ್ಕದ ಮನೆಯ ಕಾಕಾ ತಮ್ಮ ಸಂಬಂಧಿಕರ ಮನೆಯಲ್ಲಿ ಹಾಕಿಸಿದ್ದನ್ನು ದಿನಾ ಹೇಳುತ್ತಿದ್ದರು. ಪಾಲಿಕೆಯ ಲೈನ್ ತುಂಬಿ ವಾಪಸ್ ಬರುತ್ತದೆ, ಒಂದು ವಾಲ್ವ್ ಹಾಕಿದರೆ ಮುಗಿಯಿತು ಎಂಬ ವಾದ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಈ ಭಾಗದ ಎಷ್ಟೋ ಮನೆಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಈ ಹೆದರಿಕೆ ಸಹಜ. ಆದರೆ ವಾಲ್ವ್ ಮಾಡುವ ಕೆಲಸ ಏನು? ಹೊರಗಿನ ನೀರು ಒಳಗೆ ಬರದಂತೆ ಬಾಗಿಲು ಹಾಕುತ್ತದೆ. ಆ ಬಾಗಿಲು ಹಾಕಿದಾಗ ಒಳಗಿನ ನೀರೂ ಹೊರಗೆ ಹೋಗುವುದಿಲ್ಲ. ಮಾಳಿಗೆಯ ನೀರು ಒಳಗಿನ ಲೈನಿಗೇ ಬೀಳುತ್ತಿದ್ದರೆ, ಬಾಗಿಲು ಹಾಕಿಕೊಂಡು ನಮ್ಮ ಮನೆಯನ್ನು ನಾವೇ ತುಂಬಿಸಿಕೊಂಡಂತೆ. ಮೊದಲು ನೀರು ಯಾರದು ಎಂದು ಗೊತ್ತಾಗಬೇಕು, ವಾಲ್ವಿನ ಮಾತು ಆಮೇಲೆ.

ಗೊತ್ತುಮಾಡಿಕೊಳ್ಳಲು ಬೇಕಾದ ಸಾಮಾನು ಮನೆಯಲ್ಲೇ ಇತ್ತು. ಪುಣೆಯಲ್ಲಿ ಬಣ್ಣ ಆಡುವುದು ರಂಗಪಂಚಮಿಗೆ. ಹಿಂದಿನ ವರ್ಷದ ಹಸಿರು, ಗುಲಾಬಿ ಬಣ್ಣದ ಪುಡಿಗಳು ಡಬ್ಬಿಯಲ್ಲಿ ಉಳಿದಿದ್ದವು. ಡಿಸೆಂಬರಿನ ಒಂದು ಭಾನುವಾರ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ, ಹಸಿರು ಪುಡಿಯನ್ನು ಮಾಳಿಗೆಯ ಹಿಂದಿನ ಮೂಲೆಯ ಜಾಳಿಗೆಗೆ ಸುರಿದೆ. ಆಮೇಲೆ ಅಲ್ಲೇ ಇದ್ದ ಸಾವಿರ ಲೀಟರ್ ಟಾಕಿಯ ತೊಳೆಯುವ ವಾಲ್ವ್ ಪೂರ್ತಿ ತೆರೆದೆ. ಕೆಳಗೆ ಒಂದನೇ ಚೇಂಬರಿನ ಹತ್ತಿರ ಮಗ, ಬಚ್ಚಲಲ್ಲಿ ಅತ್ತೆ. ಹಸಿರು ಮೊದಲು ಎಲ್ಲಿ ಕಾಣಿಸುತ್ತದೆ ಎಂದು ಕಾಯುತ್ತಿದ್ದೆವು. ಚೇಂಬರಿನಲ್ಲಿ ತೆಳುವಾಗಿ ಬಂತು. ಸ್ವಲ್ಪ ಹೊತ್ತಿಗೆ ಅತ್ತೆಯವರ ಕೂಗು ಕೇಳಿತು: 'ಏ ಬಾರವಾ, ಬಚ್ಚಲದಾಗ ಹಸರ ನೀರ ಬರಾಕತ್ತೇತಿ!'

ಒಂದು ಹನಿ ಮಳೆ ಇಲ್ಲ, ಪಾಲಿಕೆಯ ಲೈನ್ ಅರ್ಧವೂ ತುಂಬಿಲ್ಲ. ಆದರೂ ಬಚ್ಚಲು ಉಕ್ಕಿತು. ವಾಲ್ವಿನ ವಾದ ಅಲ್ಲಿಗೆ ಮುಗಿಯಿತು.

ಗುಲಾಬಿ ಬಣ್ಣವನ್ನು ಒಗೆಯುವ ಕಟ್ಟೆಯ ಸುತ್ತಲಿನ ಅಂಗಳದಲ್ಲಿ ಚೆಲ್ಲಿ ಪೈಪಿನಿಂದ ನೀರು ಬಿಟ್ಟೆವು. ಹಿತ್ತಲಿನ ನೀರೆಲ್ಲ ಕಟ್ಟೆಯ ಮೋರಿಗೇ ಹರಿದು, ನೇರ ಒಂದನೇ ಚೇಂಬರಿಗೆ ಬಂತು. ಎರಡನೇ ಚೇಂಬರಿನ ಸುತ್ತ ನೀರು ನಿಲ್ಲಿಸಿದರೆ ಮುಚ್ಚಳದ ಸಂದಿನಿಂದ ಒಳಗೆ ಧಾರೆ. ಅಲ್ಲಿಗೆ ಮಳೆನೀರಿನ ಬಾಗಿಲುಗಳೆಲ್ಲ ಪತ್ತೆಯಾದವು.

ಇನ್ನು ಬಚ್ಚಲು ಯಾಕೆ ಉಕ್ಕಿತು? ಇದಕ್ಕೆ ಗಲ್ಲಿ ಟ್ರ್ಯಾಪ್ ತೆಗೆಯಬೇಕಾಯಿತು. ತೆಗೆಯುವುದೇನು, ಒಡೆಯಬೇಕಾಯಿತು. ಹಿಂದೆ ಯಾವಾಗಲೋ ಜಿರಳೆ, ವಾಸನೆ ಬರುತ್ತದೆ ಎಂದು ಅದರ ಜಾಳಿ ತೆಗೆದು ಮೇಲೆ ಶಹಾಬಾದ್ ಫರಸಿ ಕಲ್ಲು ಕೂರಿಸಿ ಸುತ್ತ ಸಿಮೆಂಟ್ ಬಳಿದಿದ್ದರು. ಮಾಳಿಗೆಯ ಪೈಪು ಆ ಫರಸಿಯನ್ನೇ ಕೊರೆದು ಒಳಗಿಳಿದಿತ್ತು. ಅಫಜಲಪುರ ಕಡೆಯ ಗೌಂಡಿಯೊಬ್ಬರು ನಮ್ಮ ಕೆಲಸಕ್ಕೆ ಬರುತ್ತಾರೆ, ಮನೆಯಲ್ಲಿ ಎಲ್ಲರೂ ಅವರಿಗೆ ಮಾಮಾ ಎನ್ನುತ್ತಾರೆ. ಉಳಿ ಹಾಕಿ ಫರಸಿ ಎಬ್ಬಿಸಿದವರೇ ಬಗ್ಗಿ ನೋಡಿ, 'ಅಕ್ಕಾರ, ಕಲ್ಲು ನಮ್ಮೂರ ಕಡೀದು, ಭೇಷ್ ಐತಿ. ಹಾಕಿದಾವ್ಗ ಬುದ್ಧಿ ಇಲ್ಲ' ಅಂದರು.

ಗಲ್ಲಿ ಟ್ರ್ಯಾಪಿನ ಹೊಟ್ಟೆಯಲ್ಲಿ ಮುಕ್ಕಾಲು ಭಾಗ ಮಾಳಿಗೆಯಿಂದ ಬಂದ ಮಣ್ಣು, ಎಲೆ, ಅಡಿಗೆಮನೆಯ ಜಿಡ್ಡು ಕಲ್ಲಾಗಿ ಕೂತಿತ್ತು. ದಿನಬಳಕೆಯ ನೀರು ಹೋಗುವಷ್ಟು ದಾರಿ ಮಾತ್ರ ಉಳಿದಿತ್ತು. ಪ್ಲಂಬರ್ ಚೇಂಬರಿನಿಂದ ಗೇಟಿನ ಕಡೆಗೆ ಸಲಾಕೆ ಆಡಿಸುತ್ತಿದ್ದ, ಅಡಚಣೆ ಚೇಂಬರಿಗಿಂತ ಮೇಲೆ ಇತ್ತು. ಜೋರು ಮಳೆಯಲ್ಲಿ ಮಾಳಿಗೆಯ ನೀರು ಇದರೊಳಗೆ ಬಿದ್ದಾಗ ಅಷ್ಟೂ ಮುಂದೆ ಹೋಗಲಾಗುವುದಿಲ್ಲ. ಮೇಲೆ ಜಾಳಿ ಇದ್ದಿದ್ದರೆ ಅಂಗಳಕ್ಕಾದರೂ ಉಕ್ಕುತ್ತಿತ್ತು. ಫರಸಿ ಬಡಿದದ್ದರಿಂದ ಅದಕ್ಕೂ ದಾರಿ ಇಲ್ಲ. ನೀರು ಗೋಡೆಯ ಪೈಪಿನಲ್ಲೇ ಏರಿ ನಿಲ್ಲುತ್ತದೆ, ಆ ಎತ್ತರದ ಒತ್ತಡಕ್ಕೆ ಅದೇ ಟ್ರ್ಯಾಪಿಗೆ ಕೂಡಿದ ಬಚ್ಚಲಿನ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ಮನೆಯೊಳಗಿನ ಎಲ್ಲಕ್ಕಿಂತ ತಗ್ಗಿನ ಬಾಯಿಂದ ಹೊರಬರುತ್ತದೆ. ಅದು ನಹಾನಿ ಟ್ರ್ಯಾಪ್. ಕರೀ ಬಣ್ಣ ಬರುತ್ತಿದ್ದುದು ಕದಡಿದ ಆ ಹೂಳಿನಿಂದ.

ಗಲ್ಲಿ ಟ್ರ್ಯಾಪನ್ನು ಅಂಗಳದಲ್ಲಿ ಇಡುವುದಕ್ಕೆ ಕಾರಣವೇ ಇದು. ಲೈನ್ ಎಲ್ಲಾದರೂ ಕಟ್ಟಿದರೆ ಹೊಲಸು ಅಂಗಳದಲ್ಲಿ ಉಕ್ಕಲಿ, ಮನೆಯೊಳಗಲ್ಲ ಎಂದು. ಅದರ ಬಾಯಿ ಅಂಗಳದ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಅಂಗಳದ ಮಳೆನೀರು ಒಳಗಿಳಿಯುತ್ತದೆ. ಮನೆಯ ಬಚ್ಚಲಿನ ನೆಲಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೊದಲು ಬಚ್ಚಲೇ ಉಕ್ಕುತ್ತದೆ. ಈ ಎರಡರ ನಡುವೆ ನಮಗೆ ಸಿಕ್ಕ ಜಾಗ ಬಹಳ ಕಡಿಮೆ. ಕಟ್ಟಿದಾಗ ಮನೆ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರವಿತ್ತಂತೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಅದಕ್ಕೆ ಸರಿಯಾಗಿ ನಾವು ಅಂಗಳಕ್ಕೆ ಪೇವರ್ ಹಾಕಿಸಿ, ಈಗ ಉಳಿದದ್ದು ಒಂಬತ್ತು ಇಂಚು. ಲೆವಲ್ ಪೈಪು (ಮಟ್ಟ ನೋಡುವ, ನೀರು ತುಂಬಿದ ನಳಿಕೆ) ಹಿಡಿದು ನೋಡಿ, ಗಲ್ಲಿ ಟ್ರ್ಯಾಪಿನ ಸುತ್ತ ಐದು ಇಂಚು ಇಟ್ಟಿಗೆ ಕಟ್ಟೆ ಕಟ್ಟಿದೆವು. ಮೇಲೆ ಎತ್ತಿ ತೆಗೆಯಬಹುದಾದ ಬೀಡು ಕಬ್ಬಿಣದ ಜಾಳಿ, ಜಿರಳೆಗೆ ಕೆಳಗೆ ಸಣ್ಣ ತಂತಿಬಲೆ. ಸಿಮೆಂಟ್ ಹಚ್ಚಿಲ್ಲ. ಅತ್ತೆಯವರಿಗೆ ಈ ಜಾಳಿ ಅಷ್ಟು ಇಷ್ಟವಿಲ್ಲ, ನೋಡಲು ಚಂದವಿಲ್ಲವಂತೆ.

ಮಾಳಿಗೆಯ ಪೈಪನ್ನು ನೆಲಕ್ಕಿಂತ ಮೇಲೆಯೇ ಕೊಯ್ದು, ಬೆಂಡ್ ಹಾಕಿ, ಗೋಡೆಗುಂಟ ಮುಂದೆ ತಂದೆವು. ಈಗ ಮೊದಲ ನೀರು ತರಕಾರಿ ಪಾತಿಯ ಪಕ್ಕದ ಟಾಕಿಗೆ, ಹೆಚ್ಚಾದದ್ದು ರಸ್ತೆ ಬದಿಯ ಮಳೆನೀರಿನ ಚರಂಡಿಗೆ. ಹಿತ್ತಲಲ್ಲೇ ಇಂಗುಗುಂಡಿ ತೋಡಿಸಿ ಎಂದವರೂ ಇದ್ದರು. ಇಂಗಿಸುವುದು ಒಳ್ಳೆಯದು, ಆದರೆ ನಮ್ಮ ಹಿತ್ತಲು ಎರೆ ಮಣ್ಣು, ನೀರು ಬೇಗ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸೋರುವ ಗಟಾರದ ಪೈಪಿನ ಮಗ್ಗುಲಲ್ಲೇ ನೀರು ಇಂಗಿಸಿದರೆ ಅದು ಬೋರ್‌ವೆಲ್ಲಿಗೆ ಹೋಗುವ ಮೊದಲು ಗಟಾರಕ್ಕೇ ಹೋಗುತ್ತದೆ.

ಒಗೆಯುವ ಕಟ್ಟೆಯ ಕೆಲಸ ಸುಲಭದ್ದು. ಸೋಪಿನ ನೀರು ಮಳೆ ಚರಂಡಿಗೆ ಬಿಡುವಂತಿಲ್ಲ, ಹಾಗಾಗಿ ಮೋರಿ ಇದ್ದಲ್ಲೇ ಇರಲಿ, ಮಳೆ ಬೀಳದಂತೆ ಮೇಲೆ ತಗಡು, ಅಂಗಳದ ನೀರು ಹತ್ತದಂತೆ ಸುತ್ತ ಕಟ್ಟೆ. ಅಂಗಳದ ಪೇವರ್ ಎತ್ತಿ ಇಳಿಜಾರನ್ನು ಕಂಪೌಂಡ್ ಗೋಡೆಯ ಕಡೆಗೆ ತಿರುಗಿಸಿದೆವು.

ಮಳೆನೀರಿನ ಕತೆ ಇಷ್ಟು. ಬೆವರು ಇಳಿಸಿದ್ದು ನೆಲದ ನೀರು.

ಎರಡನೇ ಚೇಂಬರಿನಲ್ಲಿ ಮೇಲಿನಿಂದ ಬರುವ ಪೈಪಿಗೆ ರಬ್ಬರಿನ ಪ್ಲಗ್ ಬಿಗಿದು, ಮೂರನೆಯದರಲ್ಲಿ ನೋಡುವುದು. ಮನೆಯ ನೀರು ನಿಂತಿದೆ, ಆದರೂ ಅಲ್ಲಿ ಬರುತ್ತಿರುವುದು ನಡುವಿನ ತುಂಡಿನಲ್ಲಿ ಮತ್ತು ಎರಡನೇ ಚೇಂಬರಿನಲ್ಲಿ ಸೇರುತ್ತಿರುವ ನೀರು. ಆಗಸ್ಟ್‌ನಲ್ಲೇ ಇದನ್ನು ಮಾಡಿ ನೋಡಿದ್ದೆ, ಧಾರೆ ಹೆಚ್ಚು ಕಡಿಮೆ ಹಾಗೇ ಇತ್ತು. ಅಂದರೆ ಬಹುಪಾಲು ಸೋರಿಕೆ ಎರಡನೇ ಚೇಂಬರಿನಿಂದ ಗೇಟಿನವರೆಗಿನ ಆರು ಮೀಟರಿನಲ್ಲಿ. ಬೇಸಿಗೆಯಲ್ಲಿ ಅದೇ ತುಂಡನ್ನು ಉಲ್ಟಾ ಪರೀಕ್ಷಿಸಿದೆವು. ಕೆಳಗಿನ ಬಾಯಿ ಮುಚ್ಚಿ, ಮೇಲಿನ ಬಾಯಿಗೆ ಎಲ್ಬೋ ಮತ್ತು ನಿಲುವು ಪೈಪು ಕೂರಿಸಿ, ನೀರು ತುಂಬಿ ಗುರುತು ಹಾಕಿ ಬಿಟ್ಟೆವು. ಅರ್ಧ ತಾಸು ಕಾಯುವ ಪ್ರಸಂಗವೇ ಬರಲಿಲ್ಲ, ಕಣ್ಣೆದುರೇ ಇಳಿಯಿತು. ನಿಲುವು ಪೈಪು ಹಾಕದೆ ಚೇಂಬರನ್ನೇ ತುಂಬಿಸಿ ನೋಡುವವರಿದ್ದಾರೆ. ಇಟ್ಟಿಗೆಯ ಚೇಂಬರ್ ತಾನೇ ಸೋರುವುದರಿಂದ ಪೈಪಿನ ಗುಣ ಅದರಿಂದ ತಿಳಿಯುವುದಿಲ್ಲ.

ಮಾರ್ಚ್‌ನಲ್ಲಿ ಅಗೆತ. ಮೂರು ಅಡಿ ಆಳದಲ್ಲಿ ಹಳೆಯ ನಾಲ್ಕಿಂಚಿನ, ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪು. ಒಂದೊಂದು ತುಂಡು ಎರಡು ಅಡಿ, ಹೀಗಾಗಿ ಆರು ಮೀಟರಿಗೆ ಹತ್ತರ ಹತ್ತಿರ ಜೋಡಣೆ. ಪ್ರತಿ ಜೋಡಣೆಯಲ್ಲೂ ಸೆಣಬು ತುರುಕಿ ಸಿಮೆಂಟ್ ಗಾರೆ ಬಳಿದಿದ್ದಾರೆ. ಪೈಪು ಇವತ್ತಿಗೂ ಗಟ್ಟಿ, ಬಡಿದರೆ ಟಣ್ ಅನ್ನುತ್ತದೆ. ಸತ್ತದ್ದು ಜೋಡಣೆಗಳು. ಎರೆ ಮಣ್ಣಿನ ಹೊಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಏಪ್ರಿಲ್ ಮೇನಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು, ಜೂನಿನಲ್ಲಿ ನೀರು ಕುಡಿದು ಉಬ್ಬುವ ಮಣ್ಣು ಅದು. ವರ್ಷ ವರ್ಷ ಎದ್ದು ಕೂತು ಮಾಡುವ ನೆಲದಲ್ಲಿ ಅಲುಗಾಡದ ಗಾರೆಯ ಜೋಡಣೆ ಎಷ್ಟು ದಿನ ತಡೆದೀತು? ಅದರ ಮೇಲೆ ಪಕ್ಕದ ಕಂಪೌಂಡಿನ ಅತ್ತಿ ಮರ. ಕೂದಲೆಳೆಯಂಥ ಬೇರು ಬಿರುಕಿನಲ್ಲಿ ನುಗ್ಗಿ, ಒಳಗೆ ಗೊಬ್ಬರದ ನೀರು ಸಿಕ್ಕ ಮೇಲೆ ಜಡೆಯಾಗಿ ಬೆಳೆದಿತ್ತು. ಎರಡನೇ ಚೇಂಬರಿನ ಸುತ್ತ ಪೇವರ್ ಕುಸಿದು ತಗ್ಗಾದದ್ದೂ ಇದರಿಂದಲೇ. ನೀರು ಒಳಗೆ ಸೋರುವಾಗ ಸಣ್ಣ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ, ಕೆಳಗೆ ಪೊಳ್ಳಾಗುತ್ತದೆ, ಮೇಲಿನ ನೆಲ ಇಳಿಯುತ್ತದೆ. ಇಳಿದ ತಗ್ಗಿಗೆ ಮಳೆನೀರು ಬಂದು ನಿಂತು ಮುಚ್ಚಳದಿಂದ ಒಳಹೋಗುತ್ತದೆ.

ನೆಲ ಅಷ್ಟು ನೀರು ಹಿಡಿಯುವುದಕ್ಕೂ ಕಾರಣವಿದೆ. ಪುಣೆಯ ಬುಡ ಕರಿಕಲ್ಲು. ಮೇಲಿನ ಎರೆ, ಅದರ ಕೆಳಗಿನ ಗರಸು ಮಳೆಗಾಲದಲ್ಲಿ ತುಂಬಿಕೊಂಡರೆ ಕೆಳಗೆ ಗಟ್ಟಿ ಬಂಡೆ ಇರುವಲ್ಲಿ ನೀರು ಇಳಿಯುವುದು ನಿಧಾನ, ಅಡ್ಡಡ್ಡ ಹರಿದು ನಾಲೆ ಹುಡುಕುತ್ತದೆ. ದಾರಿಯಲ್ಲಿ ಸೋರುವ ಪೈಪು ಸಿಕ್ಕರೆ ಅದೇ ಅದಕ್ಕೆ ನಾಲೆ.

ಪೈಪು ತರಲು ಹೋದಾಗ ಅಂಗಡಿಯವನು ಎಸ್‌ಡಬ್ಲ್ಯುಆರ್ (ಮೈಲಿಗೆ ನೀರು, ಮಳೆನೀರಿನ ಪಿವಿಸಿ ಪೈಪು) ಎಂದು ಕೊಟ್ಟದ್ದು ಟೈಪ್ ಎ. ಭಾರತೀಯ ಮಾನಕ ಐಎಸ್ 13592ರಲ್ಲಿ ಟೈಪ್ ಎ ಗಾಳಿ ಪೈಪಿಗೆ, ಮಳೆನೀರಿಗೆ. ಸಂಡಾಸು ಬಚ್ಚಲಿನ ನೀರಿಗೆ ಟೈಪ್ ಬಿ. ಎರಡೂ ಒಂದೇ ಬಣ್ಣ, ಒಂದೇ ಅಳತೆ, ಗೋಡೆಯ ದಪ್ಪ ಬೇರೆ. ಪೈಪಿನ ಮೇಲಿನ ಅಚ್ಚು ಓದದೆ ತಂದರೆ ತೆಳುವಾದದ್ದೇ ಮನೆಗೆ ಬರುತ್ತದೆ. ನಮ್ಮದು ಮಣ್ಣಿನಡಿ ಹೂಳುವ ಲೈನ್ ಆದ್ದರಿಂದ ನಾನು ಕೇಳಿದ್ದು ಐಎಸ್ 15328, ನೆಲದಡಿಯ ಒಳಚರಂಡಿಗೆಂದೇ ಇರುವ ಪೈಪು, ರಬ್ಬರ್ ರಿಂಗ್ ಜೋಡಣೆಯದು. ಓಣಿಯ ಅಂಗಡಿಯಲ್ಲಿ ಇರಲಿಲ್ಲ, ಭವಾನಿ ಪೇಠೆಯಿಂದ ತರಿಸಿದೆವು. ರಿಂಗ್ ಇದ್ದರೆ ಮಣ್ಣು ಸ್ವಲ್ಪ ಅಲುಗಿದರೂ ಜೋಡಣೆ ಅದರ ಜೊತೆ ಅಲುಗುತ್ತದೆ, ಒಡೆಯುವುದಿಲ್ಲ. ಮೂರು ಮೀಟರಿನ ಎರಡು ತುಂಡು, ನಡುವೆ ಒಂದೇ ಜೋಡಣೆ.

ಗುಂಡಿಯ ತಳದ ಎರೆ ಮಣ್ಣನ್ನು ಇನ್ನೂ ಅರ್ಧ ಅಡಿ ತೆಗೆದು, ಜರಡಿ ಹಿಡಿದ ಗರಸು ಹಾಕಿ, ನೀರು ಹೊಡೆದು ಧಮ್ಮಸ್ಸು ಮಾಡಿದೆವು. ಇಳಿಜಾರಿಗೆ ಹಳೆಯ ಲೆಕ್ಕ ನಾಲ್ಕಿಂಚಿನ ಪೈಪಿಗೆ ನಲವತ್ತಕ್ಕೆ ಒಂದು. ಆರು ಮೀಟರಿಗೆ 150 ಮಿಲಿಮೀಟರ್ ಇಳಿಯಬೇಕು. ಎರಡು ಚೇಂಬರಿನ ನಡುವೆ ನಮಗೆ ಸಿಕ್ಕದ್ದು 120, ಅಂದರೆ ಐವತ್ತಕ್ಕೆ ಒಂದು. ನುಣುಪಾದ ಪೈಪಿಗೆ ಅದು ಧಾರಾಳ ಸಾಕು. ಮಾಮಾ ಕಣ್ಣಂದಾಜಿನಲ್ಲೇ ಇಡುತ್ತೇನೆ ಎಂದರು. ಲೆವಲ್ ಪೈಪು ಹಿಡಿಸಿದೆ, ಅವರ ಕಣ್ಣಂದಾಜು ಅರ್ಧ ಇಂಚಿನೊಳಗೇ ಇತ್ತು ಎನ್ನುವುದನ್ನೂ ಹೇಳಬೇಕು.

ಪೈಪು ಚೇಂಬರಿನ ಗೋಡೆ ಹೊಕ್ಕುವ ಜಾಗ ಬಹಳ ಜನ ಅಲಕ್ಷ್ಯ ಮಾಡುವ ಜಾಗ. ಪಿವಿಸಿ ನುಣುಪು, ಗಾರೆ ಅದನ್ನು ಹಿಡಿಯುವುದಿಲ್ಲ. ಒಣಗಿದ ಮೇಲೆ ಸುತ್ತ ಕೂದಲಿನಷ್ಟು ಸಂದು ಬಿಡುತ್ತದೆ, ಅಲ್ಲಿಂದಲೇ ನೀರು. ಅದಕ್ಕೆ ಗೋಡೆಯೊಳಗೆ ಬರುವ ಭಾಗಕ್ಕೆ ಸಾಲ್ವೆಂಟ್ ಸಿಮೆಂಟ್ ಬಳಿದು, ಹಸಿಯಿದ್ದಾಗಲೇ ದಪ್ಪ ಮರಳು ಎರಚಿ ಒಂದು ದಿನ ಒಣಗಲು ಬಿಟ್ಟೆವು. ಉಪ್ಪುಕಾಗದದಂತೆ ಒರಟಾದ ಮೇಲೆ ಗಾರೆಯಲ್ಲಿ ಕೂರಿಸಿದರೆ ಕಚ್ಚಿಕೊಳ್ಳುತ್ತದೆ. ಮಾಮಾಗೆ ಈ ಉಪಾಯ ಹೊಸದು, ಬೇರೆ ಸೈಟಿನಲ್ಲೂ ಮಾಡುತ್ತೇನೆ ಅಂದರು.

ಎರಡನೇ ಚೇಂಬರಿಗೆ ಒಳಗೆ ಮಾತ್ರ ಪ್ಲಾಸ್ಟರ್ ಇತ್ತು, ಅದೂ ಸುಣ್ಣದ ಬಿಳಿ ಗೆರೆ ಇಳಿದು ಉಬ್ಬಿತ್ತು. ನೀರಿನ ಒತ್ತಡ ಇರುವುದು ಹೊರಗಿನ ಮಣ್ಣಿನಿಂದ. ಒಳಗೆ ಎಷ್ಟು ಬಳಿದರೂ ಅದು ಹಿಂದಿನಿಂದ ತಳ್ಳಿ ಉದುರಿಸುತ್ತದೆ. ಹೇಗೂ ಮಗ್ಗುಲಿಗೇ ಅಗೆದಾಗಿತ್ತು, ಸುತ್ತಲೂ ಬಿಡಿಸಿ ಹೊರಗೋಡೆಗೆ ವಾಟರ್‌ಪ್ರೂಫಿಂಗ್ ಪುಡಿ ಬೆರೆಸಿದ ಒಂದಕ್ಕೆ ಮೂರರ ಗಾರೆ ಬಳಿಸಿದೆ. ಮೇಲೆ ಎರಡು ಸಾಲು ಇಟ್ಟಿಗೆ ಏರಿಸಿ, ಪೇವರಿಗಿಂತ ಎತ್ತರದಲ್ಲಿ ಹೊಸ ಫ್ರೇಮು, ಮುಚ್ಚಳ. ಫ್ರೇಮಿನ ಕಾಲುವೆಯಲ್ಲಿ ಗ್ರೀಸ್ ತುಂಬಿದರೆ ನೀರೂ ಇಳಿಯದು, ವಾಸನೆಯೂ ಏಳದು. ಮುಚ್ಚಳ ಎತ್ತುವ ತೂತುಗಳಿಗೆ ರಬ್ಬರ್ ಬಿರಡೆ.

ಇಷ್ಟೆಲ್ಲ ಆದ ಮೇಲೆ ವಾಲ್ವ್. ಹೌದು, ಹಾಕಿಸಿದೆ. 2024ರ ಜುಲೈಯಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ಗೊತ್ತು. ನಮ್ಮ ತಪ್ಪಿಲ್ಲದೆಯೂ ಹೊರಗಿನ ಲೈನ್ ತುಂಬುವ ದಿನ ಬರುತ್ತದೆ. ಗೇಟಿನ ಚೇಂಬರಿನಲ್ಲಿ, ನಮ್ಮ ಪೈಪಿನ ಬಾಯಿಗೆ, ಕೈಗೆ ಸಿಗುವಂತೆ ಫ್ಲ್ಯಾಪ್ ವಾಲ್ವ್, ಅಂದರೆ ಹೊರಗಿನ ಕಡೆಗೆ ಮಾತ್ರ ತೆರೆಯುವ ಮುಚ್ಚಳ. ಅದರಾಚೆಯ ಪಾಲಿಕೆಯ ಜೋಡಣೆಯನ್ನು ಮುಟ್ಟಿಲ್ಲ. ಅದು ಲೈಸೆನ್ಸ್ ಇದ್ದ ಪ್ಲಂಬರಿನ ಮೂಲಕ ಪಾಲಿಕೆಯ ಅನುಮತಿ ಪಡೆದು ಮಾಡುವ ಕೆಲಸ. ಫ್ಲ್ಯಾಪಿನ ಅಂಚಿಗೆ ಒಂದು ಚಿಂದಿ ಸಿಕ್ಕಿಕೊಂಡರೂ ಅದು ಕೂರುವುದಿಲ್ಲ, ಹೀಗಾಗಿ ಮೇ ಕೊನೆಗೆ ತೆಗೆದು ತೊಳೆಯುವುದು ಕಡ್ಡಾಯ. ಇನ್ನೊಂದು ತೊಡಕು ಮೇಲಿನ ಮನೆಯದು. ವಾಲ್ವ್ ಮುಚ್ಚಿದ ಹೊತ್ತಿನಲ್ಲಿ ಅವರು ಬಕೆಟ್ ಸುರಿದರೆ ನಮ್ಮ ಕಡೆ ಏರುತ್ತದೆ. ಈಗ ಅದು ಗಲ್ಲಿ ಟ್ರ್ಯಾಪಿನ ಜಾಳಿಯಿಂದ ಅಂಗಳಕ್ಕೆ ಉಕ್ಕುತ್ತದೆ, ಬಚ್ಚಲಿಗಲ್ಲ. ಆದರೂ ಧೋ ಎಂದು ಸುರಿಯುವಾಗ ಬಟ್ಟೆ ಮಷೀನ್ ಹಾಕಬೇಡಿ ಎಂದು ಹೇಳಿಟ್ಟಿದ್ದೇನೆ. ಕೇಳುತ್ತಾರೋ ಬಿಡುತ್ತಾರೋ.

ಮಳೆಗಾಲ ಬಂತು. ಬಚ್ಚಲು ಉಕ್ಕಲಿಲ್ಲ. ಆಗಸ್ಟ್‌ನ ನಡುರಾತ್ರಿ ಮತ್ತೆ ಡಬ್ಬಿ ಹಿಡಿದೆ. ಒಂದು ಲೀಟರ್ ತುಂಬಲು 12 ನಿಮಿಷ, ದಿನಕ್ಕೆ 120 ಲೀಟರ್. ಕೈಪಿಡಿಯ ಮೇಲಿನ ಅಂಕಿಗಿಂತ ಸ್ವಲ್ಪ ಹೆಚ್ಚೇ. ಉಳಿದದ್ದು ಒಂದು ಮತ್ತು ಎರಡನೇ ಚೇಂಬರಿನ ನಡುವಿನ ಹಳೆಯ ಸ್ಟೋನ್‌ವೇರ್ ತುಂಡಿನದು. ಅಲ್ಲಿ ಮೇಲೆ ಅಡಿಗೆಮನೆಯ ಮೆಟ್ಟಿಲಿದೆ, ಅದನ್ನು ಒಡೆಯುವಷ್ಟು ಸೋರಿಕೆ ಇದಲ್ಲ ಎಂದು ಸದ್ಯಕ್ಕೆ ಬಿಟ್ಟಿದ್ದೇನೆ.

ಕಾಕಾ ಒಂದು ದಿನ ಬಂದು ಜಾಳಿ, ಮುಚ್ಚಳ, ವಾಲ್ವ್ ಎಲ್ಲ ನೋಡಿದರು. ವಾಲ್ವ್ ಎಲ್ಲಿ ಸಿಕ್ಕಿತು, ಎಷ್ಟಾಯಿತು ಎಂದು ಕೇಳಿದರು. ಹೇಳಿದೆ. ಆಮೇಲೆ ಅವರ ಹಿಂದಿನ ಗೋಡೆಯಲ್ಲಿ ಇಳಿಯುವ ಮಾಳಿಗೆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. 'ಖಾಲಿ ಜಾತೋ, ಅಜೂನ್ ಕಾಯ್' ಎಂದು ನಕ್ಕರು: ಕೆಳಗೆ ಹೋಗುತ್ತದೆ, ಇನ್ನೇನು. ಉಳಿದ ಗುಲಾಬಿ ಬಣ್ಣದ ಡಬ್ಬಿಯನ್ನು ಅವರ ಕೈಗೆ ಕೊಟ್ಟು, ಭಾನುವಾರ ಟಾಕಿ ತುಂಬಿಸಿಡಿ, ನಾನು ಬರುತ್ತೇನೆ ಎಂದಿದ್ದೇನೆ.